ಹನ್ನೆರಡನೆಯ ಫಾರ್ಮು

೧೧ ಫೆಬ್ರುವರಿ ೨೦೨೪, ಭಾನುವಾರ. ಸಂಜೆ ೫

ಇವತ್ತು ನಮ್ಮ ಮನೆಯ ಸರದಿ. ಐದಕ್ಕೇ ಎದ್ದು ರೊಟ್ಟಿ ಬಡಿದೆ. ‘ಬೀಸುಕಲ್ಲಿನ ಮನೆ’ ಚರ್ಚೆ ಇದ್ದ ದಿನ ಜೋಳದ ರೊಟ್ಟಿಯೇ ಆಗಬೇಕು, ಅದು ನಮ್ಮ ಓದುಗರ ಬಳಗದ, ಕೊಡೇಕಲ್ ಕಟ್ಟೆಯ, ಕಟ್ಟಳೆ. ಮೊದಲ ತುತ್ತು ಮುರಿಯಲು ಯಾರೂ ಮುಂದೆ ಬರುವುದಿಲ್ಲ, ಅದೂ ಕಟ್ಟಳೆಯೇ. ಕಾದಂಬರಿಯಲ್ಲಿ ಯಾರೂ ಬೀಸದ ಹಿಟ್ಟು ದಿನಾ ಬೆಳಗಾದರೆ ಮೊರದಲ್ಲಿ ಬಿದ್ದಿರುತ್ತದೆ. ಸೊಸೆ ಗಂಗವ್ವ ಅದರಲ್ಲೇ ರೊಟ್ಟಿ ಮಾಡಿ ಮನೆಮಂದಿಗೆಲ್ಲ ಬಡಿಸುತ್ತಾಳೆ... ಅದನ್ನು ಓದಿದ ಮೇಲೆ ಯಾರ ಕೈ ಮುಂದೆ ಬರಬೇಕು? ಒಂಬತ್ತು ಜನ, ಬದನೆಕಾಯಿ ಎಣ್ಣೆಗಾಯಿ ಆರುತ್ತಿದೆ, ಎಲ್ಲರೂ ಪರಸ್ಪರ ಮುಖ ನೋಡುತ್ತ ಕೂತಿದ್ದಾರೆ. ಕೊನೆಗೆ ಕಟ್ಟೆಯ ಹಿರಿಯರು ಅಮರೇಶಪ್ಪನವರು, “ಸಾಯೋದಿದ್ರ ಉಂಡು ಸಾಯೋಣ, ತರ್ರಿ ಇತ್ತಾಗ” ಎಂದು ಮುರಿದರು.

ಗೊಲ್ಲಾಳಪ್ಪ ಕೊಡೇಕಲ್ಲರು ತೀರಿ ಹನ್ನೊಂದು ವರ್ಷ. ಹತ್ತು ಕಾದಂಬರಿ ಬರೆದರು. ಒಂದರಲ್ಲೂ ದೆವ್ವ ಎಂಬ ಪದವಿಲ್ಲ. ಮೊರ, ಒನಕೆ, ನೆಲುವು, ಉಪ್ಪಿನ ಗಡಿಗೆ—ಅಷ್ಟರಲ್ಲೇ ಮೈ ಬೆವರಿಸುತ್ತಾರೆ. ಕಾವ್ಯಾ ಇವತ್ತು ಚೆನ್ನಾಗಿ ಹೇಳಿದಳು. ಕಂಪ್ಯೂಟರ್ ಕೆಲಸದ ಹುಡುಗಿ, ಈ ತೆಲುಗು ಊರಲ್ಲೇ ಹುಟ್ಟಿ ಬೆಳೆದವಳು, ಕೊಡೇಕಲ್ಲರಿಗಾಗಿಯೇ ಕನ್ನಡ ಓದಲು ಕಲಿತಳು. “ಮೇಡಂ, ಬೇರೆಯವ್ರು ಬರದ್ರ ಸ್ಮಶಾನಕ್ಕ ಹೋಗಾಕ ಅಂಜಿಕಿ. ಇವ್ರು ಬರದ್ರ ನಮ್ಮ ಕಿಚನ್‌ಗೇ ಹೋಗಾಕ ಅಂಜಿಕಿ!” ಎಲ್ಲರೂ ಚಪ್ಪಾಳೆ.

ಮುಂದಿನ ತಿಂಗಳು ಹತ್ತಕ್ಕೆ ಅವರ ನೆನಪಿನ ಸಭೆ. ನನ್ನ ಪ್ರಬಂಧ: ‘ನಿಂತ ವಾಕ್ಯದ ಧೈರ್ಯ’. ‘ಬೀಸುಕಲ್ಲಿನ ಮನೆ’ಯ ಕೊನೆಯ ಬಗ್ಗೆ. ಪುಟ ೧೭೬. ಗಂಗವ್ವ ಕತ್ತಲಲ್ಲಿ ಬೀಸುಕಲ್ಲಿನ ಗೂಟ ಹಿಡಿಯುತ್ತಾಳೆ, ಗೂಟ ಬೆಚ್ಚಗಿದೆ. ‘ಅವಳ ಕೈಯ ಕೆಳಗೆ, ಅದೇ ಗೂಟದ ಮೇಲೆ, ಇನ್ನೊಂದು ಕೈ’—ಮುಗಿಯಿತು. ಕ್ರಿಯಾಪದವಿಲ್ಲ, ಪೂರ್ಣವಿರಾಮವಿಲ್ಲ. ಎಂಥ ಧೈರ್ಯ! ಇಪ್ಪತ್ತೆರಡು ವರ್ಷದಿಂದ ಹೇಳುತ್ತಲೇ ಬಂದಿದ್ದೇನೆ. ಆ ಕೈ ಗಂಗವ್ವನ ಸತ್ತ ಅತ್ತೆಯದು ಎಂದು ಹದಿನಾಲ್ಕು ಪುಟ ಬರೆದು ಸಾಧಿಸಿದ್ದೇನೆ.

೧೮ ಫೆಬ್ರುವರಿ, ಭಾನುವಾರ. ಮಧ್ಯಾಹ್ನ ೨

ಇನ್ನೂ ಊಟ ಮಾಡಿಲ್ಲ. ಇರಲಿ, ಬರೆಯುತ್ತೇನೆ.

ಬೆಳಿಗ್ಗೆ ಅಬಿಡ್ಸ್. ಭಾನುವಾರದ ಫುಟ್‌ಪಾತ್ ಪುಸ್ತಕದ ಸಂತೆ. ಎಂಸೆಟ್ ಪರೀಕ್ಷೆಯ ಗೈಡುಗಳ ರಾಶಿಯ ಕೆಳಗೆ ಪರಿಚಿತ ಹಸಿರು ರಟ್ಟು—‘ಬೀಸುಕಲ್ಲಿನ ಮನೆ’. ನನ್ನ ಹತ್ತಿರ ಇದೆ, ಆದರೂ ಬಿಡಲಾದೀತೆ? ಅಂಗಡಿಯವನು, “ಯೇ ಕೌನ್ಸೀ ಜಬಾನ್ ಹೈ ಮೇಡಂ? ಲೇ ಜಾವೋ, ಕೋಯಿ ಪೂಛತಾ ನಹೀಂ” ಎಂದ—ಯಾವ ಭಾಷೆಯೆಂದೂ ಗೊತ್ತಿಲ್ಲ, ಕೇಳುವವರಿಲ್ಲ, ಒಯ್ಯಿರಿ ಅಂತ.

ಹಿಂದಿನ ರಟ್ಟು ದಪ್ಪ ಅನ್ನಿಸಿತು. ತೆಗೆದರೆ ಒಳಗೆ ಹದಿನಾರು ಪುಟಕ್ಕೆ ಮಡಚಿದ ಒಂದು ದೊಡ್ಡ ಹಾಳೆ. ಹೊಲಿದಿಲ್ಲ, ಅಂಚು ಕತ್ತರಿಸಿಲ್ಲ. ಮೇಲೊಂದು ಚೀಟಿ ಅಚ್ಚಾಗಿದೆ: ‘ಬೈಂಡಿಂಗಿನಲ್ಲಿ ಬಿಟ್ಟುಹೋದ ಹನ್ನೆರಡನೆಯ ಫಾರ್ಮು. ಪುಟ ೧೭೭ರಿಂದ ೧೯೨. ಓದುಗರು ಮನ್ನಿಸಬೇಕು.’

ಪುಟ ೧೭೭ ಹೊರಗೇ ಇದೆ. ಮೊದಲ ಸಾಲು ಕಣ್ಣಿಗೆ ಬಿದ್ದೇ ಬಿಟ್ಟಿತು. ‘ಇತ್ತು. ಕೂಸಿನ ಕೈ. ಬಳೆ ಸಡಿಲಾಗಿ ಮೊಣಕೈಗೆ ಜಾರಿತ್ತು.’

ಫುಟ್‌ಪಾತ್ ಮೇಲೆ, ಹನ್ನೊಂದು ಗಂಟೆಯ ಬಿಸಿಲಲ್ಲಿ, ಆಟೋ ಹಾರ್ನುಗಳ ನಡುವೆ—ರೋಮ ಎದ್ದು ನಿಂತವು. ಅತ್ತೆಯದಲ್ಲ. ಅತ್ತೆಯದಲ್ಲವೇ ಅಲ್ಲ. ನನ್ನ ಹದಿನಾಲ್ಕು ಪುಟಕ್ಕಿಂತ ಆ ಒಂದು ಸಾಲು ದೊಡ್ಡದು. ಧೈರ್ಯ ಅವರದು ನಿಲ್ಲಿಸಿದ್ದರಲ್ಲಿ ಇರಲಿಲ್ಲ, ಮುಂದೆ ಹೋದದ್ದರಲ್ಲಿ ಇತ್ತು. ನಾನು ಬೈಂಡರನ ಮರೆವಿಗೆ ಹಾರ ಹಾಕುತ್ತ ಬಂದಿದ್ದೇನೆ.

ಪುಸ್ತಕ ಮುಚ್ಚಿದೆ. ಆಮೇಲೆ ನೆನಪಾದದ್ದು ಕೊಡೇಕಲ್ಲರಲ್ಲ. ಸೂರ್ಯಕಾಂತರು.

ಅದೇ ದಿನ, ಸಂಜೆ ೬

ಸೂರ್ಯಕಾಂತರ ವಿಷಯ ಇದುವರೆಗೆ ಈ ಡೈರಿಯಲ್ಲಿ ಸರಿಯಾಗಿ ಬರೆದಿಲ್ಲ. ಬರೆಯದೆ ಇದ್ದದ್ದೂ ಬೇಕೆಂತಲೇ.

ಒಂದು ಪ್ರೆಸ್ಸಿನಲ್ಲಿ (ಈ ಪುಸ್ತಕ ಅಲ್ಲಿಯದಲ್ಲ) ಮೂವತ್ತು ವರ್ಷ ಬೈಂಡಿಂಗ್ ಮಾಡಿದವರು. ಸೇಡಂ ಕಡೆಯವರು, ಈಗ ಲಿಂಗಂಪಲ್ಲಿಯಲ್ಲಿ ಮನೆ. ಕಟ್ಟೆಯಲ್ಲಿ ಅವರಷ್ಟು ಕೊಡೇಕಲ್ಲರನ್ನು ಬಾಯಿಪಾಠ ಹೇಳುವವರು ಇನ್ನೊಬ್ಬರಿರಲಿಲ್ಲ. ಮೂರು ವರ್ಷದ ಹಿಂದೆ, ತುಂಬಿದ ಸಭೆಯಲ್ಲಿ ಎದ್ದು ಹೇಳಿದರು: “ಅಕ್ಕಾರ, ಹದಿನಾರು ಪುಟಕ್ಕ ಒಂದು ಫಾರ್ಮು. ನೂರಾ ಎಪ್ಪತ್ತಾರಕ್ಕ ಹನ್ನೊಂದು ಸರಿ ಆಕ್ಕಾವ. ಕತಿ ಫಾರ್ಮಿನ ಅಂಚಿಗೇ ಕರೆಕ್ಟಾಗಿ ನಿಂತೈತಿ ಅಂದ್ರ ಮುಂದ ಇನ್ನೊಂದು ಫಾರ್ಮು ಬಿದ್ದೈತ್ರಿ. ನಮ್ಮ ಹತ್ರ ಇರೂವೆಲ್ಲಾ ಒಂದ ಲೈಬ್ರರಿಯಿಂದ ಬಂದ ಪ್ರತಿ.”

ನಾನು ಏನು ಹೇಳಿದೆ? ಕಾಲೇಜಿನ ಫಿಸಿಕ್ಸ್ ಮೇಡಂ ನಾನು, ನಾಲಿಗೆಗೆ ಮೂಳೆಯಿಲ್ಲ. “ಬೈಂಡರಿಗೆ ಪುಟ ಎಣಿಸೋದು ಗೊತ್ತಿರ್ತದರಿ, ಪುಟದಾಗ ಏನೈತಿ ಅನ್ನೋದು ಗೊತ್ತಿರಂಗಿಲ್ಲ.” ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರೂ ನಕ್ಕರು. ಮುಂದಿನ ತಿಂಗಳು ಬರಲಿಲ್ಲ. ಆಮೇಲೆ ಬರಲೇ ಇಲ್ಲ.

೧೯ ಫೆಬ್ರುವರಿ, ಸೋಮವಾರ

ಕಾಲೇಜಿಗೆ ರಜೆ ಹಾಕಿದೆ. ಅಡುಗೆಮನೆಯ ಚಾಕುವಿನಿಂದ ಫಾರ್ಮು ಬಿಡಿಸಲು ಹೋದೆ. ಕಾಗದ ಪಾಪಡಿನಂತೆ ಒಣಗಿದೆ. ಅರ್ಧ ಬೆರಳು ಹೋಗುವಷ್ಟರಲ್ಲಿ ಚರ್ ಅಂತು, ಅಕ್ಷರದವರೆಗೆ ಹರಿಯಿತು. ನಿಲ್ಲಿಸಿದೆ. ಇದು ನನ್ನ ಕೈಗೆ ಆಗುವ ಕೆಲಸವಲ್ಲ. ಯಾರ ಕೈಗೆ ಆಗುತ್ತದೆ ಎಂಬುದೂ ಗೊತ್ತು.

೨೧ ಫೆಬ್ರುವರಿ

ಸೂರ್ಯಕಾಂತರಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಸಮಾಧಾನವೇ ಆಯಿತು, ಸುಳ್ಳೇಕೆ.

೨ ಮಾರ್ಚ್, ಶನಿವಾರ. ಬೆಳಿಗ್ಗೆ ೧೧

ಹತ್ತು ದಿನ ಬರೆಯಲಿಲ್ಲ. ಪುಸ್ತಕವನ್ನು ಸೀರೆಗಳ ಕೆಳಗೆ ಇಟ್ಟು ಬೀರುವಿಗೆ ಬೀಗ ಹಾಕಿದ್ದೆ. ನಾನು ಹೇಳದಿದ್ದರೆ ಯಾರಿಗೂ ಗೊತ್ತಾಗದು. ಪ್ರಕಾಶಕರಿಲ್ಲ, ಲೇಖಕರಿಲ್ಲ, ಲೈಬ್ರರಿ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ. ಹತ್ತನೆಯ ತಾರೀಖು ಓದಿ, ಚಪ್ಪಾಳೆ ತಗೊಂಡು, ಆಮೇಲೆ ನೋಡೋಣ... ಹೀಗೆಲ್ಲ ಯೋಚಿಸಿದೆ. ಯೋಚಿಸಿದ್ದನ್ನೂ ಬರೆದಿಡುತ್ತೇನೆ.

ಈಗ ಕಾವ್ಯಾಳ ಫೋನ್. ಪ್ರಬಂಧ ಟೈಪ್ ಮಾಡಲು ಕೊಟ್ಟಿದ್ದೆ. ಮುಗಿಸಿದಳಂತೆ.

“ಸೂಪರ್ ಐತಿ ಮೇಡಂ! ಒಂದ ಮಾತು. ಅದರಾಗ ಆ ಬೈಂಡರ್ ಅಂಕಲ್ ಜೋಕ್ ಹಾಕ್ರಿ. ಪುಟ ಎಣಿಸೋದು ಗೊತ್ತು, ಒಳಗಿಂದು ಗೊತ್ತಿಲ್ಲ ಅಂದಿದ್ರಲ್ಲ... ನಾ ಆವಾಗ ಇರಲಿಲ್ಲ, ಎಲ್ಲಾರೂ ಹೇಳ್ತಾರ. ಭಾಳ ನಗತಾರ ನೋಡ್ರಿ ಜನ.”

ನನ್ನ ಮಾತು ಮೂರು ವರ್ಷದಿಂದ ಕಟ್ಟೆಯಲ್ಲಿ ಓಡಾಡುತ್ತಿದೆ. ಅವರು ಬರದೆ ಹೋದ ಕಟ್ಟೆಯಲ್ಲಿ ಅವರ ಹೆಸರಿಗೆ ಉಳಿದದ್ದು ಅದೊಂದೇ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ಪ್ರಬಂಧ ಅಳಸಿಬಿಡವ್ವಾ” ಎಂದೆ.

“ಯಾಕ್ರಿ ಮೇಡಂ? ಅಯ್ಯೋ, ಏನಾತ್ರಿ?”

“ತಪ್ಪೈತಿ. ಎಲ್ಲಾನೂ ತಪ್ಪೈತಿ.”

ಅಮರೇಶಪ್ಪನವರಿಗೂ ಫೋನ್ ಮಾಡಿ, ಹತ್ತರಂದು ನಾನು ಓದುವುದಿಲ್ಲ, ಹೇಳುವುದು ಬೇರೆಯೇ ಇದೆ ಎಂದೆ. ಬಿ.ಪಿ. ಹೆಚ್ಚಾಗಿದೆಯೇ ಎಂದು ಕೇಳಿದರು.

೩ ಮಾರ್ಚ್, ಭಾನುವಾರ. ಬೆಳಿಗ್ಗೆ ೯:೧೦, ರೈಲಿನಲ್ಲಿ

ಮಲ್ಕಾಜ್‌ಗಿರಿಯಲ್ಲಿ ಹತ್ತಿದೆ. ಕೊನೆಯ ಸ್ಟೇಷನ್ ಲಿಂಗಂಪಲ್ಲಿಯವರೆಗೂ, ಸೂರ್ಯಕಾಂತರ ಮನೆಗೆ ಹೋಗಬೇಕು. ಪುಸ್ತಕ ಎರಡು ನೋಟ್‌ಬುಕ್ಕುಗಳ ನಡುವೆ, ಟವೆಲ್ಲಿನಲ್ಲಿ ಸುತ್ತಿದೆ. ಆ ಮೊದಲ ಸಾಲು ಬಿಟ್ಟು ಮುಂದೆ ಇಣುಕಿ ನೋಡಿಲ್ಲ, ಅವರು ಬಿಡಿಸಿದ ಮೇಲೆಯೇ ಓದುವುದು. ಹದಿನಾಲ್ಕು ದಿನ! ನನ್ನ ಬಾಳಿನಲ್ಲಿ ಇಷ್ಟು ಕಷ್ಟದ ಉಪವಾಸ ಮಾಡಿಲ್ಲ. ಕೂಸು ಯಾರದು? ಗಂಗವ್ವನಿಗೆ ಮಕ್ಕಳೇ ಇಲ್ಲವಲ್ಲ. ಎಷ್ಟು ಸಲ ಓದಿದರೂ ಅಲ್ಲೆಲ್ಲೂ ಕೂಸಿನ ಸುಳಿವಿಲ್ಲ... ಅಥವಾ ಇತ್ತೇ? ಮೂರನೆಯ ಅಧ್ಯಾಯದ ತೊಟ್ಟಿಲು? ಅಯ್ಯೋ ಕೊಡೇಕಲ್ಲರೇ.

ಬಾಗಿಲು ಹಾಕಿಕೊಂಡರೆ? ಹಾಕಿಕೊಳ್ಳಲಿ. ಪುಸ್ತಕ ಕೊಟ್ಟು ಬರುತ್ತೇನೆ.

೧೧:೨೫, ಲಿಂಗಂಪಲ್ಲಿ, ಅವರ ಮನೆಯ ಪಡಸಾಲೆ

ಬಾಗಿಲು ತೆರೆದವರು ಅವರ ಹೆಂಡತಿ ಭವಾನಿ. ಗುರುತು ಹಿಡಿದರು, ನಗಲಿಲ್ಲ. “ಕುಂದರ್ರಿ” ಎಂದು ಒಳಗೆ ಹೋದರು.

ಸೂರ್ಯಕಾಂತರು ಬಂದರು. ತೆಳ್ಳಗಾಗಿದ್ದಾರೆ. ಏನು ಹೇಳಬೇಕೆಂದು ರೈಲಿನುದ್ದಕ್ಕೂ ಕಟ್ಟಿಕೊಂಡು ಬಂದಿದ್ದೆ, ಎಲ್ಲ ಬಿಟ್ಟು ಪುಸ್ತಕ ಕೈಗಿತ್ತೆ. ಅವರು ಮೊದಲು ನೋಡಿದ್ದು ಹೊಲಿಗೆಯನ್ನು. ಆಮೇಲೆ ಹಿಂದಿನ ರಟ್ಟು. ಚೀಟಿ ಓದಿದರು. ಹೆಬ್ಬೆರಳಿನಿಂದ ಫಾರ್ಮಿನ ಮಡಿಕೆ ಎಣಿಸಿದರು. ನಾನು ಹರಿದ ಜಾಗಕ್ಕೆ ಬಂದು ಬೆರಳು ನಿಂತಿತು.

“ಇದ್ಯಾರು ಚಾಕು ಹಾಕಿದ್ದು?”

“ನಾನ ರೀ.”

“ಗೊತ್ತಾತು.”

ಹರಿದ ಅಂಚನ್ನು ಬೆರಳಿನಿಂದ ಒತ್ತಿ ಕೂಡಿಸಿದರು. ಹೇಳಿಯೇಬಿಟ್ಟೆ. “ನಿಮ್ಮ ಮಾತ ಖರೆ ಇತ್ರಿ. ನಂದ ತಪ್ಪಾತು.”

“ಕತಿ ಬಗ್ಗೆ ಜಗಳಾ ಆಡಿದ್ರ ನಾ ಮುಂದಿನ ತಿಂಗಳಾನೂ ಬರ್ತಿದ್ದೆ ಮೇಡಂ. ಖರೆ ಸುಳ್ಳಿಂದಲ್ಲ ಅದು.” ನೆಲ ನೋಡುತ್ತ ಹೇಳಿದರು. “ಒಂದೊಂದ ಪುಸ್ತಕಾನೂ ಬಿಚ್ಚಿ, ಹೊಲದು, ಅಂಟ ಹಚ್ಚಿ, ಆಮ್ಯಾಲ ಓದಿದಾವ ನಾನು. ಓದಾಕಂತನ ಆ ಕೆಲಸಕ್ಕ ಸೇರಿದ್ದೆ. ನೀವು ಅಷ್ಟು ಮಂದಿ ಮುಂದ ನನ್ನ ಕೈಯನ್ನಷ್ಟ ನೋಡಿದ್ರಿ.”

ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ, ಬರಲಿ ಎಂದು ಬಿಟ್ಟೆ. “ಹತ್ತನೇ ತಾರೀಖ ಅದ ಮಂದಿ ಮುಂದ ಇದನ್ನ ನಾನ ಹೇಳತೀನ್ರಿ. ನೀವು ಬರದಿದ್ರೂ ಹೇಳತೀನಿ” ಎಂದೆ.

ಅವರು ಎದ್ದು ಒಳಗಿನಿಂದ ಬಿದಿರಿನ ತೆಳುವಾದ ಪಟ್ಟಿ ತಂದರು. ಒದ್ದೆ ಬಟ್ಟೆಯನ್ನು ಮಡಿಕೆಯ ಮೇಲೆ ಮೆಲ್ಲಗೆ ಆಡಿಸಿ, ಪಟ್ಟಿಯನ್ನು ಒಳಗೆ ತೂರಿಸಿ ಎಳೆದರು. ಸದ್ದೇ ಇಲ್ಲ. ಕಾಗದದ ಒಂದು ಎಳೆಯೂ ಹರಿಯಲಿಲ್ಲ. ಹದಿನಾರು ಪುಟ ಬಿಡಿಯಾಗಿ ಅವರ ತೊಡೆಯ ಮೇಲೆ ಬಂದವು. ಆ ಕೈಗಳನ್ನು ನೋಡುತ್ತ ನನಗೆ ಪುಟ ಮರೆತೇ ಹೋಯಿತು.

“ಮೊದಲ ನಾ ಓದತೀನಿ. ಒಬ್ಬಾಂವನ” ಎಂದರು.

“ಓದ್ರಿ. ನಿಮ್ಮ ಹಕ್ಕದು.”

ಒಳಗೆ ಹೋಗಿ ಹತ್ತು ನಿಮಿಷವಾಯಿತು. ಭವಾನಿಯವರು ಚಹಾ ಇಟ್ಟು ಹೋದರು. ಈ ಸಲ ಅರ್ಧ ನಕ್ಕರು. ನಾನಿಲ್ಲಿ ಡೈರಿ ತೆಗೆದು ಬರೆಯುತ್ತ ಕೂತಿದ್ದೇನೆ, ಕಿವಿಯೆಲ್ಲ ಒಳಗಿದೆ. ಒಂದು ಪುಟ ತಿರುವಿದ ಸದ್ದು. ಬಹಳ ಹೊತ್ತು ಸದ್ದಿಲ್ಲ. ಇನ್ನೊಂದು.

ಕುರ್ಚಿ ಸರಿಯಿತು. ಬಾಗಿಲಲ್ಲಿ ನಿಂತಿದ್ದಾರೆ. ಹಣೆಯ ಮೇಲೆ ಬೆವರು.

“ಎರಡ ಪುಟ ಆತ್ರಿ. ಮುಂದ ಒಬ್ಬಾಂವನ ಓದಾಕ ಧೈರ್ಯ ಸಾಲವಲ್ದು ಅಕ್ಕಾರ. ಒಳಗ ಬರ್ರಿ. ನೀವು ಜೋರಾಗಿ ಓದ್ರಿ, ನಾ ಬಾಜೂ ಕುಂತು ಕೇಳತೀನಿ.”

ಬಂದೆ ಎಂದೆ.