ಸಹಾಯಕಿಯ ಖರ್ಚು

ಪ್ರೆಸ್ಸಿನ ಮೇಲಿನ ಕೋಣೆ
ಮಂಗಳವಾರ, ಹದಿನಾಲ್ಕನೇ ತಾರೀಖು

ಕಾಲಿಗೆ ಚಕ್ರ ಕಟ್ಟಿಕೊಂಡ ನನ್ನ ಅಕ್ಕನಿಗೆ,

ನಿನ್ನ ಪತ್ರ, ಅದರೊಳಗೆ ತೆರಿಗೆ ಕಚೇರಿಯ ನೋಟಿಸಿನ ನಕಲು, ಅದರ ಹಿಂದೆ ಪಿನ್ನು ಹಾಕಿದ ಹೇಳಿಕೆ, ಮೂರೂ ತಲುಪಿದವು. ಕ್ಷೇಮ ಸಮಾಚಾರ ಆಮೇಲೆ ಬರೆಯುತ್ತೇನೆ. ಮೊದಲು ಉತ್ತರ: ನಾನು ಸಹಿ ಹಾಕುವುದಿಲ್ಲ.

ಸಿಟ್ಟು ಮಾಡಿಕೋಬೇಡ ಅಂತ ಬೇಡಿಕೊಳ್ಳುವುದಿಲ್ಲ. ಮಾಡಿಕೋ. ನೀನು ನಾಲ್ಕು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಎತ್ತಿದ್ದರೆ ನೀನು ಮಾಮೂಲಿನಂತೆ ಏನಾದರೂ ಹೇಳಿ ನಗಿಸುತ್ತಿದ್ದೆ, ನಗುತ್ತ ನಗುತ್ತ ನಾನು ಒಪ್ಪಿಬಿಡುತ್ತಿದ್ದೆ. ಕಾಗದದ ಮೇಲೆ ನೀನು ನನ್ನನ್ನು ನಗಿಸಲಾರೆ.

ಹೇಳಿಕೆಯನ್ನು ಭಾವ ಬರೆದಿದ್ದಾರೆ ಅಂತ ಮೊದಲ ಸಾಲಿಗೇ ಗೊತ್ತಾಯಿತು. "ಬಂದರು ಪಟ್ಟಣದಲ್ಲಿ ಹನ್ನೊಂದು ದಿನವೂ ನಾನು ಸದರಿ ಪ್ರವಾಸ ಬ್ಲಾಗಿನ ಸಹಾಯಕಿಯಾಗಿ ಪೂರ್ಣಾವಧಿ ಕೆಲಸ ನಿರ್ವಹಿಸಿದ್ದೇನೆ." ಸದರಿಯಂತೆ! ಪೂರ್ಣಾವಧಿಯಂತೆ! ಆ ಹನ್ನೊಂದು ದಿನಗಳಲ್ಲಿ ನಾನು ಏನು ಮಾಡುತ್ತಿದ್ದೆ ಅನ್ನುವುದು ನಿನಗೆ ಗೊತ್ತು, ನನಗೆ ಗೊತ್ತು, ಆ ಲಾಡ್ಜಿನ ಗೋಡೆಗೆ ಗೊತ್ತು.

ಈ ಜಗಳ ನಮ್ಮಿಬ್ಬರ ನಡುವೆ ಹೊಸದಲ್ಲ. ಮೂರು ವರ್ಷದ ಹಿಂದೆ, ಕನ್ನಡಕದಂಗಡಿಯ ಕೆಲಸ ಮುಗಿಸಿ ಬಂದು, ಅಡುಗೆಮನೆಯ ಮೇಜಿನ ಮೇಲೆ ಕಾಲು ಚಾಚಿ ನೀನು ಹೇಳಿದ್ದು ನೆನಪಿದೆ: "ನೋಡೇ, ಬ್ಲಾಗು ಕಸುಬು ಅಂತಾದ್ರೆ, ಅದಕ್ಕೋಸ್ಕರ ತಿರುಗಾಡಿದ ಖರ್ಚನ್ನ ಅಂಗಡಿ ಸಂಬಳದಿಂದ ಕಳೆದು ತೋರಿಸಬಹುದು. ತೆರಿಗೆ ಕಡಿಮೆ. ಇಷ್ಟು ದಿನ ಪುಕ್ಕಟೆ ಬರೆದೆ, ಇನ್ನು ಮೇಲೆ ನಷ್ಟದಲ್ಲಿ ಬರೀತೀನಿ!" ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಗಲಿಲ್ಲ. ನಲವತ್ತೊಂದು ಜನ ಓದುವ ಬ್ಲಾಗು ಯಾವ ಸೀಮೆ ಕಸುಬು ಅಂತ ಕೇಳಿದೆ. ಆ ನಲವತ್ತೊಂದರಲ್ಲಿ ನಾನೊಬ್ಬಳು, ನಿನ್ನ ಹಲ್ಲಿನ ಡಾಕ್ಟರು ಒಬ್ಬರು. ತೆರಿಗೆ ಅಂದರೆ ಆಸ್ಪತ್ರೆ, ತೆರಿಗೆ ಅಂದರೆ ಶಾಲೆ, ನೀನು ಓಡಾಡುವ ರಸ್ತೆಯೂ ಅದೇ ದುಡ್ಡಿನದು ಅಂದೆ. ಭಾವ ಚಪ್ಪಾಳೆ ತಟ್ಟಿ, "ಭಾಷಣಕ್ಕೆ ಒಂದು ಲೋಟ ನೀರು ಕೊಡ್ರಪ್ಪ" ಅಂದರು. ಅಂದಿನಿಂದ ನನ್ನ ಹೆಸರೇ ಭಾಷಣ ಆಯಿತು.

ಆದರೂ ಕಳೆದ ವರ್ಷ ರಸೀದಿಗಳನ್ನು ಜೋಡಿಸಿ ಪಟ್ಟಿ ಟೈಪು ಮಾಡಲು ನೀನು ಕರೆದಾಗ ಬಂದೆ. ಯಾಕೆ ಬಂದೆನೋ ಗೊತ್ತಿಲ್ಲ. ಶೂ ಡಬ್ಬಿಯ ತುಂಬ ಚೀಟಿಗಳು. ರೈಲು, ಲಾಡ್ಜು, ಮ್ಯೂಸಿಯಂ ಟಿಕೆಟ್ಟು, ಒಂದು ಟವೆಲ್ಲು, ಒಂದು ಛತ್ರಿ. ಐಸ್ ಕ್ರೀಮಿನ ಚೀಟಿ ಹಿಡಿದು ಇದೇನು ಅಂತ ಕೇಳಿದರೆ ನೀನು "ಸಂಶೋಧನೆ" ಅಂದೆ. ಅದನ್ನು ನಾನು ಹರಿದುಹಾಕಿದೆ. ಬಂದರಿನ ಲೆಕ್ಕಕ್ಕೆ ಬಂದಾಗ ಎಲ್ಲ ಎರಡೆರಡು. ಎರಡು ಟಿಕೆಟ್ಟು, ಎರಡು ಹಾಸಿಗೆ, ಎರಡು ಊಟ. "ಎರಡನೆಯದು ಯಾರು ಅಂತ ಬರೀಲಿ?" ಅಂತ ಕೇಳಿದೆ. ನೀನು ಕಿಟಕಿಯ ಕಡೆ ನೋಡುತ್ತ, "ಸಹಾಯಕಿ ಅಂತ ಹಾಕು" ಅಂದೆ. ನಾನು ಹಾಕಿದೆ. ನನ್ನ ಬೆರಳುಗಳಿಂದಲೇ ಹಾಕಿದೆ. ಈಗ ಕಚೇರಿಯವರು ಕೇಳುತ್ತಿರುವುದೂ ಅದನ್ನೇ: ಈ ಸಹಾಯಕಿ ಯಾರು, ಕೆಲಸ ಮಾಡಿದ್ದಕ್ಕೆ ಪುರಾವೆ ಏನು? ಪುರಾವೆ ಇಲ್ಲದಿದ್ದರೆ ಬ್ಲಾಗನ್ನೇ ಶೋಕಿ ಅಂತ ತೀರ್ಮಾನಿಸಿ ಮೂರು ವರ್ಷದ ಲೆಕ್ಕ ತಿರುವಿಹಾಕುತ್ತಾರೆ. ದಂಡ ಕಟ್ಟಲು ಕ್ಯಾಮೆರಾ ಮಾರಬೇಕಾಗುತ್ತದೆ ಅಂತ ನೀನು ಬರೆದಿದ್ದೀಯ. ಅದರ ಕೆಳಗೆ, ಬೇರೆ ಪೆನ್ನಿನಲ್ಲಿ, "ಮಾರಿದ್ರೆ ಮತ್ತೆ ಬರೆಯಲ್ಲ ಕಣೇ" ಅಂತ.

ಆ ಸಾಲನ್ನು ನಾನು ಓದಿದ್ದೇನೆ. ಎಷ್ಟು ಸಲ ಅಂತ ಕೇಳಬೇಡ.

ನಿನಗೆ ತಲೆ ಕೆಟ್ಟಿರುವುದು ಇನ್ನೊಂದು ವಿಷಯಕ್ಕೆ. ನೋಟಿಸಿನಲ್ಲಿ "ಹಳದಿ ಛತ್ರಿ" ಅಂತಿದೆ, ಬಣ್ಣ ಅವರಿಗೆ ಹೇಗೆ ಗೊತ್ತಾಯಿತು, ನಿಮ್ಮ ಅಂಗಡಿಯಲ್ಲಿ ಲೆನ್ಸ್ ಉಜ್ಜುವವನೇ ಹೊಟ್ಟೆಕಿಚ್ಚಿಗೆ ಚಾಡಿ ಹೇಳಿದ್ದಾನೆ ಅನ್ನುತ್ತೀಯ. ಅವನ ಜೊತೆ ಮಾತು ಬಿಟ್ಟು ಎಂಟು ದಿನವಾಯಿತು ಅನ್ನುತ್ತೀಯ. ನಾಳೆಯೇ ಮಾತಾಡಿಸು ಅಕ್ಕ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ಮಾತಾಡಿಸು. ಅವನು ಏನೂ ಮಾಡಿಲ್ಲ.

ನಾನು ಮಾಡಿದ್ದು.

ಚಾಡಿ ಹೇಳಲಿಲ್ಲ. ಕರಪತ್ರ ಬರೆದೆ. "ನಿಮ್ಮ ರಜೆ, ನಮ್ಮ ರಸ್ತೆ" ಅಂತ ತಲೆಬರಹ. ತೆರಿಗೆ ತಪ್ಪಿಸುವ ದೊಡ್ಡವರ ಬಗ್ಗೆ ಬರೆಯಲು ಕೂತೆ. ಆದರೆ ದೊಡ್ಡವರ ಬಗ್ಗೆ ನನಗೇನು ಗೊತ್ತು? ಅವರ ಶೂ ಡಬ್ಬಿ ನಾನು ಯಾವತ್ತು ನೋಡಿದ್ದೇನೆ? ಗೊತ್ತಿದ್ದುದು ಒಂದೇ ಡಬ್ಬಿ. ವಿವರ ಇದ್ದರೆ ಓದುವವರಿಗೆ ನಾಟುತ್ತದೆ ಅಂತ ನಾನು ಓದಿದ ಪುಸ್ತಿಕೆಗಳೆಲ್ಲ ಹೇಳುತ್ತವೆ. ಹಾಗಾಗಿ ಕನ್ನಡಕದಂಗಡಿಯ ಒಬ್ಬಾಕೆ ಅಂತ ಬರೆದೆ, ಹಳದಿ ಛತ್ರಿ ಅಂತ ಬರೆದೆ, ಬಂದರಿನಲ್ಲಿ ಹನ್ನೊಂದು ದಿನ ಅಂತ ಬರೆದೆ. ಹೆಸರು ಹಾಕಲಿಲ್ಲವಲ್ಲ, ಸಾಕು ಅಂದುಕೊಂಡೆ. ಆಮೇಲೆ, ಎಲ್ಲಿ ಹಂಚಿದರೆ ಪರಿಣಾಮ ಹೆಚ್ಚು ಅಂತ ಯೋಚಿಸಿ, ಊಟದ ಹೊತ್ತಿಗೆ ತೆರಿಗೆ ಕಚೇರಿಯ ಗೇಟಿನ ಮುಂದೆಯೇ ನಿಂತು ಹಂಚಿದೆ. ಇಂಥ ಪೆದ್ದುತನ ಇನ್ಯಾರು ಮಾಡಿಯಾರು?

ಊಟದ ಡಬ್ಬಿ ಹಿಡಿದ ಒಬ್ಬ ಅಧಿಕಾರಿ ಹೆಂಗಸು ನಿಂತುಕೊಂಡೇ ಪೂರ್ತಿ ಓದಿದರು. "ಬಹಳ ವಿವರವಾಗಿ ಬರೆದಿದೀಯಮ್ಮ" ಅಂದರು. ನಾನು ಉಬ್ಬಿಹೋದೆ. ಇನ್ನೊಂದು ಪ್ರತಿ ಬೇಕಾ ಅಂತ ನಾನೇ ಕೇಳಿ ಕೊಟ್ಟೆ.

ನಿನ್ನ ಪಟ್ಟಿಯಲ್ಲಿ ಬರೀ "ಛತ್ರಿ" ಅಂತಿದೆ, ಟೈಪು ಮಾಡಿದವಳಿಗೆ ಗೊತ್ತಿಲ್ಲವೇ? ಹಳದಿ ಅನ್ನುವ ಮಾತು ಇದ್ದದ್ದು ಕರಪತ್ರದಲ್ಲಿ ಮಾತ್ರ. ನೋಟಿಸು ಓದಿ ಆ ಪದಕ್ಕೆ ಬಂದಾಗ ನನ್ನ ಕೈಯಲ್ಲಿದ್ದ ಚಹಾ ಅಲ್ಲೇ ತಣ್ಣಗಾಯಿತು.

ಈಗ ನನ್ನ ಮೇಲೆ ರೇಗು. ಆದರೆ ನಾನೂ ರೇಗಿದ್ದೇನೆ, ಅದನ್ನೂ ಕೇಳು. ಎರಡನೇ ಹಾಸಿಗೆಯನ್ನು ನೀನು ಯಾಕೆ ಪಟ್ಟಿಗೆ ಸೇರಿಸಿದೆ? ಬಂದರಿಗೆ ಹೊರಟ ಆ ವಾರ, ನಾನು ಆಗ ಕೆಲಸಕ್ಕಿದ್ದ ಹಳೆಯ ಪ್ರೆಸ್ಸಿನಲ್ಲಿ, ನನ್ನನ್ನೂ ಸೇರಿಸಿ ಹದಿನಾರು ಜನ ಸಹಿ ಹಾಕಿದ್ದ ಮನವಿಯಿಂದ ಹದಿನೈದು ಜನ ತಮ್ಮ ಹೆಸರು ಹೊಡೆದುಹಾಕಿದ್ದರು. ಉಳಿದ ಒಂದು ಹೆಸರಿನವಳಾದ ನನ್ನನ್ನು ಯಜಮಾನರು ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು. ನಾನು ತಲೆ ಬಾಚುವುದನ್ನೂ ಮಾತಾಡುವುದನ್ನೂ ಬಿಟ್ಟು ಮಲಗಿದ್ದೆ. ನೀನು ಬಂದು, ನನ್ನ ಬಟ್ಟೆಗಳನ್ನು ನಿನ್ನ ಚೀಲಕ್ಕೆ ತುರುಕಿ, "ನಡಿಯೇ, ಗೋಡೆ ನೋಡೋದೇ ಆದ್ರೆ ಸಮುದ್ರದ ಪಕ್ಕದ ಗೋಡೆ ನೋಡು" ಅಂದೆ. ಒಬ್ಬ ಅಕ್ಕ ತಂಗಿಗೆ ಮಾಡಿದ್ದು ಅದು. ಅದಕ್ಕೆ ಯಾವ ಕಾಲಮ್ಮೂ ಇಲ್ಲ. ನಿನ್ನ ಬಳಿ ದುಡ್ಡಿರಲಿಲ್ಲ, ಅದು ನನಗೆ ಗೊತ್ತು. ಆದರೂ ನನ್ನ ಆ ದಿನಗಳನ್ನು ನೀನು ವ್ಯವಹಾರದ ಖರ್ಚಿನಲ್ಲಿ ಬರೆಸಿದಾಗ, ಅದೂ ನನ್ನ ಕೈಯಿಂದಲೇ ಬರೆಸಿದಾಗ, ನನಗೆ ಉರಿದುಹೋಯಿತು. ಕರಪತ್ರ ಆ ಉರಿಯಿಂದ ಹುಟ್ಟಿದ್ದು. ಜನರ ರಸ್ತೆಗೆ ನಾನು ಇಷ್ಟೊಂದು ಕಣ್ಣೀರು ಸುರಿಸಿದವಳಲ್ಲ. ಇದನ್ನು ಬರೆಯುವುದಕ್ಕೆ ನನಗೆ ಎಷ್ಟು ನಾಚಿಕೆಯಾಗುತ್ತಿದೆ ಅಂದರೆ, ಪೆನ್ನು ಎರಡು ಸಲ ಕೆಳಗಿಟ್ಟೆ.

ಸಹಿ ಹಾಕದಿರುವುದಕ್ಕೆ ಕಾರಣ ಹುಡುಕಲು ನಿನ್ನೆ ನಿನ್ನ ಬ್ಲಾಗು ತೆರೆದೆ. ಬಂದರಿನ ಬರಹಗಳನ್ನೆಲ್ಲ ಓದಿದೆ. ದೋಣಿಗೆ ಬಣ್ಣ ಬಳಿಯುವವರು, ಟಿಕೆಟ್ಟು ಹರಿಯುವ ಮುದುಕಿ, ಆಮೇಲೆ ಹಗ್ಗಗಳು. ಒದ್ದೆ ಹಗ್ಗ, ಕೊಳೆತ ಹಗ್ಗ, ಕಂಬಕ್ಕೆ ಸುತ್ತಿ ಸುತ್ತಿ ಕಂಬವನ್ನೇ ಸವೆಸಿದ ಹಗ್ಗ. ಒಂಬತ್ತನೇ ದಿನ ನೀನು ನನ್ನನ್ನು ಎಬ್ಬಿಸಿ, ಕೊರಳಿಗೆ ಕ್ಯಾಮೆರಾ ಹಾಕಿ, "ನನ್ನ ಕೈ ನಡುಗುತ್ತೆ, ನೀನು ತೆಗಿ" ಅಂದಿದ್ದೆ. ನಿನ್ನ ಕೈ ಯಾವಾಗ ನಡುಗಿದೆ? ದಿನವಿಡೀ ಲೆನ್ಸು ಕೂರಿಸುವ ಕೈ ಅದು. ನಾನು ಮೂರು ದಿನ ಹಗ್ಗ ತೆಗೆದೆ. ಹನ್ನೊಂದನೇ ದಿನ ಒಬ್ಬ ಮೀನುಗಾರ "ಹಗ್ಗದಾಕೆ ಬಂದ್ಲು ನೋಡ್ರೋ, ಇವತ್ತು ಯಾರ ಹಗ್ಗಕ್ಕೆ ಮದುವೆ ಫೋಟೋ?" ಅಂದಾಗ ನಾನು ನಕ್ಕೆ. ನೀನು ಆ ಕಡೆ ತಿರುಗಿ ಮೂಗು ಒರೆಸಿಕೊಂಡೆ. ಆ ಬರಹದ ಕೆಳಗೆ ಸಣ್ಣಕ್ಷರದಲ್ಲಿ ಇದೆ: ಚಿತ್ರಗಳು, ನನ್ನ ಸಹಾಯಕಿ.

ಎಂಥ ಕರ್ಮ ನೋಡು. ಎಂಟು ದಿನ ನನ್ನನ್ನು ಉಳಿಸಿಕೊಂಡದ್ದು ಸರಕಾರದ ಲೆಕ್ಕದಲ್ಲಿ ದುಂದುವೆಚ್ಚ. ಹಗ್ಗದ ಫೋಟೋ ಹೊಡೆದದ್ದು ಕಸುಬು. ಈ ನಿಯಮ ಮಾಡಿದವರನ್ನು ಸಾಲಾಗಿ ನಿಲ್ಲಿಸಿ ಬೈಯಬೇಕು ಅನಿಸುತ್ತದೆ. ಹಾಗಂತ ನಿಯಮಕ್ಕೆ ಸುಳ್ಳು ಹೇಳಲು ನನ್ನಿಂದ ಆಗುವುದಿಲ್ಲ, ನಿನಗಾಗಿಯೂ ಆಗುವುದಿಲ್ಲ. ಬೇರೆ ಅಕ್ಕನಾಗಿದ್ದರೆ ಬೇರೆ ತಂಗಿ ಸಿಗುತ್ತಿದ್ದಳೇನೋ.

ಆದ್ದರಿಂದ ಭಾವನ "ಪೂರ್ಣಾವಧಿ"ಯನ್ನು ವಾಪಸು ಕಳಿಸುತ್ತಿದ್ದೇನೆ. ನನ್ನದೇ ಹೇಳಿಕೆ ಬರೆದಿದ್ದೇನೆ, ಅದರಲ್ಲಿ ಸದರಿ ಇಲ್ಲ. ಎಂಟು ದಿನ ಕಾಯಿಲೆ ಬಿದ್ದು ಮಲಗಿದ್ದೆ, ಆ ಖರ್ಚನ್ನು ಕಳೆಯಬಾರದು, ತೆಗೆದುಹಾಕಿ. ಮೂರು ದಿನ ಕೆಲಸ ಮಾಡಿದೆ, ಚಿತ್ರಗಳು ಇಲ್ಲಿವೆ. ನನ್ನ ಅಕ್ಕ ಹನ್ನೊಂದು ದಿನವೂ ಬೆಳಿಗ್ಗೆ ಐದಕ್ಕೆ ಎದ್ದು ಬರೆದಿದ್ದಾಳೆ, ನಾನು ಗೋಡೆ ಕಡೆ ಮುಖ ಮಾಡಿ ಆ ಕೀಬೋರ್ಡಿನ ಸದ್ದು ಕೇಳಿದ್ದೇನೆ. ಶೋಕಿಗೆ ಯಾರೂ ಐದಕ್ಕೆ ಏಳುವುದಿಲ್ಲ. ಕೊನೆಯ ಸಾಲು: ಕರಪತ್ರ ಬರೆದವಳು ನಾನೇ, ಅದರಲ್ಲಿ ಅರ್ಧ ಸತ್ಯವಿತ್ತು.

ಗುರುವಾರ ರಜೆ ಹಾಕಿ ನಾನೇ ಹೋಗಿ ಕೊಡುತ್ತೇನೆ. ಒಪ್ಪುತ್ತಾರೋ ಬಿಡುತ್ತಾರೋ ತಿಳಿಯದು. ದಂಡ ಬಿದ್ದರೆ ಅದರಲ್ಲಿ ಅರ್ಧ ನನ್ನ ಸಂಬಳದಿಂದ. ಬೇಡ ಅನ್ನಬೇಡ, ಅನ್ನುವ ಹಕ್ಕು ಈ ಸಲ ನಿನಗಿಲ್ಲ. ಕ್ಯಾಮೆರಾ ಮಾತ್ರ ಮಾರಬೇಡ. ಗುರುವಾರದವರೆಗಾದರೂ.

ಕ್ಷೇಮ. ಕೆಮ್ಮು ಕಡಿಮೆಯಾಗಿದೆ. ಭಾವನಿಗೆ ಹೇಳು, ನೀರಿನ ಲೋಟ ಈಗ ಬೇಕಾಗಿದೆ ಅಂತ.

ನಿನ್ನನ್ನು ಬೈಯುತ್ತಲೇ ನಿನ್ನ ನಲವತ್ತೊಂದರಲ್ಲಿ ಒಬ್ಬಳಾದ,
ಭಾಷಣ

ಮ.ವಿ.: ಒಂದು ಲಕೋಟೆಯನ್ನು ಗುರುವಾರ ಕಚೇರಿಗೆ ಕೊಂಡೊಯ್ಯುತ್ತೇನೆ. ಬಂದರಿನಿಂದ ಹೊರಟ ದಿನ ನಿಲ್ದಾಣದಲ್ಲಿ ನೀನು ನನ್ನ ಜೇಬಿಗೆ ತುರುಕಿದ್ದು ಅದು. ಮೇಲೆ ನಿನ್ನದೇ ಅಕ್ಷರ, ತಾರೀಖೂ ಇದೆ: "ಹಗ್ಗದ ಫೋಟೋಗಳಿಗೆ, ಮೂರು ದಿನದ ಕೂಲಿ." ಅವರು ಕೇಳುವ ಪುರಾವೆ ಇದೇ. ಕೂಲಿಯ ವೇಷ ಹಾಕಿದ ಭಿಕ್ಷೆ ಅಂದುಕೊಂಡು ನಾನು ಇಷ್ಟು ದಿನ ಅದರ ಮಾತೇ ಎತ್ತಿರಲಿಲ್ಲ. ನಿನ್ನ ಪಟ್ಟಿಯನ್ನು ಮೂರು ಸಲ ನೋಡಿದೆ, ಟವೆಲ್ಲನ್ನು ಬಿಡದೆ ಬರೆಸಿದವಳು ಈ ಕೂಲಿಯನ್ನು ಎಲ್ಲೂ ಬರೆಸಿಲ್ಲ. ಲಕೋಟೆ ಖಾಲಿಯಾಗಿದೆ ಅಕ್ಕ. ಆ ದುಡ್ಡಿನಲ್ಲೇ ನಾನು ಕರಪತ್ರಕ್ಕೆ ಕಾಗದ ಕೊಂಡಿದ್ದು.