ಅಡುಗೆಮನೆ ಇದ್ದ ಜಾಗದಲ್ಲಿ ಬಾಗಿನ

ರೀ,

ತಿಂಗಳ ಮಳೆ ಒಂದೇ ದಿನ ಸುರಿದು ನಿನ್ನೆ ನಮ್ಮ ಮಹದೇವಪುರದ ಕೆರೆ ಕೋಡಿ ಬಿತ್ತು. ಆದರೂ ಒಂದು ಮನೆಗೂ ನೀರು ನುಗ್ಗಲಿಲ್ಲ.

ಕಾರ್ಪೊರೇಟರಾಗಿದ್ದಾಗ ರಾಜಕಾಲುವೆಯ ಒತ್ತುವರಿ ತೆರವಿಗೆ ನಿಂತ ನೀವು, "ಮೊದ್ಲು ನಮ್ಮನೇದೇ ಒಡೀರಿ" ಎಂದು ಜೆಸಿಬಿಯವನಿಗೆ ಕಾಲುವೆಯ ಮೇಲಿದ್ದ ನಮ್ಮ ಅಡುಗೆಮನೆ ತೋರಿಸಿದಿರಿ. ನಾನು ಸಿಟ್ಟಾಗಿ ಜೋಗುಪಾಳ್ಯದ ತವರಿಗೆ ಹೊರಟುಹೋದೆ. ಮುಂದಿನ ಚುನಾವಣೆಯಲ್ಲಿ ಊರವರೂ ನಿಮ್ಮ ಕೈಬಿಟ್ಟರು.

ನಿನ್ನೆ ಕೋಡಿ ನೀರಿಗೆ ಬಾಗಿನ ಬಿಡಲು ಮುತ್ತೈದೆಯರು ಸೇರಿದ್ದರು. ನೀವಿಲ್ಲದ ನಾನು ದೂರವೇ ನಿಂತಿದ್ದೆ. ಅಂದು ಶೆಡ್ ಕಳೆದುಕೊಂಡು ನಿಮಗೆ ಶಾಪ ಹಾಕಿದ್ದ ದೊಡ್ಡಮುನಿಯಪ್ಪನವರೇ ಮೊರ ತಂದು ನನ್ನ ಕೈಗಿಟ್ಟರು.

"ಕೆರೆ ಉಳಿಸ್ದೋನ ಹೆಂಡ್ತಿ ನೀನು. ಮೊದ್ಲು ನೀನೇ ಬಿಡವ್ವ."

ಬಾಗಿನ ನಮ್ಮ ಅಡುಗೆಮನೆಯಿದ್ದ ಜಾಗ ದಾಟುವವರೆಗೂ ನೋಡುತ್ತ ನಿಂತೆ. ಊರೆಲ್ಲ ನನ್ನ ಜೊತೆಗಿತ್ತು. ಅಂದು ಅಲ್ಲಿ ನೀವು ಒಬ್ಬರೇ ನಿಂತಿದ್ದಿರಿ.