ಹನ್ನೊಂದು ವಾಕ್ಯಗಳು

ಗಗನಾಳ ಅಪ್ಪನಿಗೆ,

ನಿನ್ನೆ ಶಿರಸಿಯಲ್ಲಿ, ನಮ್ಮ ಟೀಚರುಗಳ ಇಂಗ್ಲಿಷ್ ತರಬೇತಿಯಲ್ಲಿ, ಸಂಶಯ ತೋರಿಸುವ ವಾಕ್ಯಗಳನ್ನು ಬರೆಯಿರಿ ಅಂದರು. ಉಳಿದವರು ಎರಡು ಮೂರಕ್ಕೇ ನಿಂತರು. ನಾನು ಹನ್ನೊಂದು ಬರೆದೆ. ‘ಆರ್ ಯೂ ಶ್ಯೂರ್?’ ‘ಹೂ ವಾಸ್ ವಿತ್ ಯೂ?’ ‘ಐ ಡೋಂಟ್ ಬಿಲೀವ್ ಯೂ.’ ನೀವು ದಿನಾ ಹೇಳುವುದನ್ನೇ ಇಂಗ್ಲಿಷಿಗೆ ತಿರುಗಿಸಿದೆ, ಅಷ್ಟೆ. ಎಲ್ಲರೂ ಚಪ್ಪಾಳೆ ಹೊಡೆದರು. ಅಷ್ಟರಲ್ಲಿ ನಿಮ್ಮ ವಿಡಿಯೋ ಕಾಲ್ ಬಂತು. ಪಕ್ಕದಲ್ಲಿ ಚಪ್ಪಾಳೆ ಹೊಡೆಯುತ್ತಿರುವವನು ಯಾರು ಅಂತ ಕೇಳಿದಿರಿ.

ಸಾಕಾಗಿದೆ. ಇವತ್ತು ಫೋನು ಇಲ್ಲೇ ಮನೆಯಲ್ಲಿ ಬಿಟ್ಟು ತರಬೇತಿಗೆ ಹೋಗುತ್ತಿದ್ದೇನೆ. ಸಂಜೆ ಆರರ ಸಿದ್ದಾಪುರ ಬಸ್ಸಿಗೆ ಬರುತ್ತೇನೆ. ಗಗನಾಳನ್ನು ಶಾಲೆಯಿಂದ ಕರೆದುಕೊಂಡು ಬನ್ನಿ. ಅನ್ನ, ತಂಬುಳಿ ಮುಚ್ಚಿಟ್ಟಿದ್ದೇನೆ. ತಂಬುಳಿಗೆ ಉಪ್ಪು ಹಾಕಿದ್ದೇನೆ. ನಂಬಿಕೆ ಇಲ್ಲದಿದ್ದರೆ ರುಚಿ ನೋಡಿ.

ವಿನುತಾ